ಬಸ್ಸಲ್ಲಿ ಎರಡು ಸಲ ಚಾ ಕುಡಿದು ಒಂದೇ ನೆನಪಿರುವವನ ಪ್ರಶ್ನೆ: ಉತ್ತರ ಅರ್ಧವಾ, ಮೂರರಲ್ಲಿ ಒಂದಾ?

ಚಾ_ಕುಡುಕ

ಒಂದು ವಿಷಯ ತಲೆ ತಿಂತಾ ಉಂಟು ಮಾರಾಯ್ರೇ, ಗೊತ್ತಿದ್ದವರು ಹೇಳಿ. ಕಳೆದ ಶುಕ್ರವಾರ ಬೆಂಗಳೂರಿಂದ ಮಂಗಳೂರಿಗೆ ರಾತ್ರಿ ಬಸ್ಸು. ನಂದು ನಿದ್ದೆ ಹೇಗೆ ಅಂದ್ರೆ ನೆಲಮಂಗಲ ದಾಟುವ ಮೊದಲೇ ಗೊರಕೆ. ನಡುವೆ ಎಲ್ಲೋ ಬಸ್ಸು ನಿಂತಿತು, ಇಳಿದೆ, ಮಳೆ ಹನಿ ಬೀಳ್ತಾ ಇತ್ತು, ಗಾಜಿನ ಲೋಟದಲ್ಲಿ ಚಾ ಕುಡಿದೆ, ಲೋಟದ ಅಂಚು ಒಡೆದಿತ್ತು ಅಂತ ಕೂಡ ನೆನಪುಂಟು, ವಾಪಸ್ ಹತ್ತಿ ಮಲಗಿದೆ. ಬೆಳಿಗ್ಗೆ ಬಿ.ಸಿ. ರೋಡಲ್ಲಿ ಎಚ್ಚರ. ಮನೆಗೆ ಬಂದು ಫೋನ್ ನೋಡಿದ್ರೆ ಎರಡು ಪೇಮೆಂಟ್ ಹೋಗಿದೆ, ₹15 ಒಂದು, ₹20 ಒಂದು, ಬೇರೆ ಬೇರೆ ಹೆಸರಿಗೆ. ಯಾರೋ ಟೋಪಿ ಹಾಕಿದ್ರು ಅಂತ ಎಣಿಸಿ ಪಕ್ಕದ ಸೀಟಲ್ಲಿದ್ದ ಫ್ರೆಂಡಿಗೆ ಫೋನ್ ಮಾಡಿದ್ರೆ ಅವ ನಗ್ತಾನೆ, "ಬಸ್ಸು ಎರಡು ಸಲ ನಿಂತದ್ದು, ನೀನು ಎರಡು ಸಲವೂ ಇಳಿದಿದ್ದಿ, ಎರಡನೇ ಕಡೆ ಸಕ್ಕರೆ ಕಮ್ಮಿ ಅಂತ ಗಲಾಟೆ ಬೇರೆ" ಅಂತ. ನನಗೆ ಒಂದೇ ಚಾ ನೆನಪು. ಯಾವುದು ಅಂತ ಕೂಡ ಗೊತ್ತಿಲ್ಲ.

ಭಾವನಿಗೆ ಹೇಳಿದೆ (ಅಕ್ಕನ ಗಂಡ, ಕಾಲೇಜಲ್ಲಿ ಮ್ಯಾತ್ಸ್ ಪಾಠ ಮಾಡ್ತಾರೆ). ಅವರಿಗೆ ಹಬ್ಬ. ಇದು ಸ್ಲೀಪಿಂಗ್ ಬ್ಯೂಟಿ, ಅಂದ್ರೆ ಮಲಗಿದ ಸುಂದರಿಯ ಒಗಟು ಅಂತೆ. ಭಾನುವಾರ ಒಬ್ಬಳನ್ನು ಮಲಗಿಸ್ತಾರೆ, ನಾಣ್ಯ ಚಿಮ್ಮುತ್ತಾರೆ. ಹೆಡ್ಸ್ ಬಿದ್ರೆ ಸೋಮವಾರ ಒಮ್ಮೆ ಎಬ್ಬಿಸಿ ಮಾತಾಡಿಸಿ ಮುಗೀತು. ಟೇಲ್ಸ್ ಬಿದ್ರೆ ಸೋಮವಾರ ಎಬ್ಬಿಸಿ, ಎದ್ದದ್ದೇ ಮರೆತು ಹೋಗುವ ಹಾಗೆ ಮದ್ದು ಕೊಟ್ಟು ಪುನಃ ಮಲಗಿಸಿ, ಮಂಗಳವಾರ ಇನ್ನೊಮ್ಮೆ ಎಬ್ಬಿಸ್ತಾರೆ. ಈ ರೂಲ್ಸೆಲ್ಲ ಅವಳಿಗೆ ಮೊದಲೇ ಗೊತ್ತು. ಎದ್ದಾಗ ಇವತ್ತು ಯಾವ ವಾರ ಅಂತ ಮಾತ್ರ ಗೊತ್ತಾಗುವುದಿಲ್ಲ. ಆಗ ಕೇಳ್ತಾರೆ, ಹೆಡ್ಸ್ ಬಿದ್ದಿರುವ ಚಾನ್ಸ್ ಎಷ್ಟು ಅಂತ.

ನಾನು ಅರ್ಧ ಅಂದೆ. ಭಾವ ಮೂರರಲ್ಲಿ ಒಂದು ಅಂತ ಹಟ. ಅಕ್ಕ ಊಟಕ್ಕೆ ಎರಡು ಸಲ ಕರೆದ್ಲಂತೆ, ಅದೂ ನನಗೆ ಒಂದೇ ಸಲ ಕೇಳಿಸಿದ್ದು. ಯಾರು ಸರಿ?

ಗುಂಡಣ್ಣ_61

ಫೋನಲ್ಲಿ ಡೇಟ್ ನೋಡಿದ್ರೆ ಮುಗೀತಲ್ಲ ಗುರು

ಚಾ_ಕುಡುಕ

ಫೋನ್ ಕೊಡುವುದಿಲ್ಲ. ಕಿಟಕಿ ಇಲ್ಲ, ಗಡಿಯಾರ ಇಲ್ಲ.

ಗುಂಡಣ್ಣ_61

ಗಡ್ಡ ಮುಟ್ಟಿ ನೋಡ್ಕೊಂಡ್ರೆ ಗೊತ್ತಾಗುತ್ತೆ ಎಷ್ಟು ದಿನ ಆಯ್ತು ಅಂತ

ಮಲೆನಾಡ_ಜಿಗಣೆ

ಸುಂದರಿಗೆ ಗಡ್ಡ ಎಲ್ಲಿಂದ ಬಂತು ಮಾರಾಯ

ಲೆಕ್ಕದ_ಮೇಷ್ಟ್ರು

ತಮಾಷೆ ಆಮೇಲೆ ಮಾಡಿ. ಉತ್ತರ ಅರ್ಧ.

ನಾಣ್ಯದಲ್ಲಿ ಮೋಸ ಇಲ್ಲ. ಭಾನುವಾರ ಮಲಗೋ ಮುಂಚೆ ಅವಳನ್ನ ಕೇಳಿದ್ರೆ ಅರ್ಧ ಅಂತಾಳೆ, ಅದರಲ್ಲಿ ಯಾರಿಗೂ ತಕರಾರಿಲ್ಲ. ಎದ್ದ ಮೇಲೆ ಅವಳಿಗೆ ಹೊಸದಾಗಿ ಏನು ಗೊತ್ತಾಯ್ತು ಹೇಳಿ? ಎಬ್ಬಿಸ್ತಾರೆ ಅಂತ ಮೊದಲೇ ಗೊತ್ತಿತ್ತು, ಎಬ್ಬಿಸಿದ್ರು. ಹೆಡ್ಸ್ ಬಿದ್ರೂ ಎಬ್ಬಿಸೋರೇ, ಟೇಲ್ಸ್ ಬಿದ್ರೂ ಎಬ್ಬಿಸೋರೇ. ಹೊಸ ಸಾಕ್ಷಿ ಒಂದೂ ಇಲ್ಲದೆ ಅಂದಾಜು ಬದಲಾಯಿಸೋದು ಯಾವ ಲೆಕ್ಕ ರೀ? ಮೂವತ್ತು ವರ್ಷ ಪಿಯುಸಿ ಹುಡುಗರಿಗೆ ಬೇಯಸ್ ನಿಯಮ (ಹೊಸ ಸಾಕ್ಷಿ ಸಿಕ್ಕಾಗ ಅಂದಾಜು ಹೇಗೆ ಬದಲಾಯಿಸಬೇಕು ಅನ್ನೋದು) ಹೇಳಿಕೊಟ್ಟಿದೀನಿ, ಸುಮ್ಮನೆ ಕಣ್ಣು ಬಿಟ್ಟಿದ್ದಕ್ಕೆ ಅರ್ಧ ಹೋಗಿ ಮೂರರಲ್ಲಿ ಒಂದಾಗೋದನ್ನ ನಾನಂತೂ ನೋಡಿಲ್ಲ. ಡೇವಿಡ್ ಲೂಯಿಸ್ ಅಂತ ಅಮೆರಿಕದ ದೊಡ್ಡ ತತ್ವಶಾಸ್ತ್ರಜ್ಞರು, ತೀರಿಕೊಂಡ ವರ್ಷವೇ, 2001ರಲ್ಲಿ, ಅರ್ಧದ ಪರ ಬರೆದರು. ನಾನು ಅವರ ಪಾರ್ಟಿ.

ಕೋಡ್_ಕುಟ್ಟ

ಮೇಷ್ಟ್ರೇ ಬೇಜಾರು ಮಾಡ್ಕೋಬೇಡಿ, ಆದ್ರೆ ಇದು ಹತ್ತು ಸಾಲಿನ ಪೈಥಾನ್ ಕೋಡಲ್ಲಿ ಮುಗಿಯೋ ಜಗಳ. ಈಗ ತಾನೇ ಆಫೀಸಲ್ಲಿ ಕೂತ್ಕೊಂಡೇ ಬರೆದೆ (ಸ್ಟ್ಯಾಂಡಪ್ ಮೀಟಿಂಗ್ ನಡೀತಿತ್ತು, ಹೇಳ್ಬೇಡಿ ಯಾರಿಗೂ). ಹತ್ತು ಸಾವಿರ ಸಲ ನಾಣ್ಯ ಚಿಮ್ಮಿಸಿದ್ರೆ ಹೆಡ್ಸ್ ಸುಮಾರು ಐದು ಸಾವಿರ, ಅಲ್ಲಿ ತಲಾ ಒಂದು ಎಚ್ಚರ. ಟೇಲ್ಸ್ ಸುಮಾರು ಐದು ಸಾವಿರ, ಅಲ್ಲಿ ತಲಾ ಎರಡು. ಒಟ್ಟು ಎಚ್ಚರ ಹತ್ತಿರ ಹತ್ತಿರ ಹದಿನೈದು ಸಾವಿರ, ಅದರಲ್ಲಿ ಹೆಡ್ಸ್ ಎಚ್ಚರ ಐದು ಸಾವಿರ. ಅವಳು ಈಗ ಎದ್ದಿರೋದು ಆ ಹದಿನೈದು ಸಾವಿರದಲ್ಲಿ ಯಾವುದೋ ಒಂದು. ಮೂರರಲ್ಲಿ ಒಂದು. ಅಷ್ಟೇ ಕಥೆ.

ಗುಂಡಣ್ಣ_61

ಎಣಿಕೆಗೆ ಒಂದು ಸೇರಿಸೋ ಸಾಲನ್ನ ಯಾವ ಲೂಪ್ (ಸುತ್ತು) ಒಳಗೆ ಬರೆದೆ?

ಕೋಡ್_ಕುಟ್ಟ

ಎಚ್ಚರದ ಲೂಪ್ ಒಳಗೆ. ಯಾಕೆ

ಗುಂಡಣ್ಣ_61

ಅದನ್ನ ಒಂದು ಲೂಪ್ ಆಚೆಗೆ ಎಳಿ, ನಾಣ್ಯ ಚಿಮ್ಮೋ ಕಡೆ ಇಡು. ಅರ್ಧ ಬರುತ್ತೆ. ಆ ಸಾಲು ಎಲ್ಲಿ ಬರೀಬೇಕು ಅನ್ನೋದೇ ಇಲ್ಲಿರೋ ಜಗಳ, ನೀನು ಉತ್ತರಾನ ಮೊದಲೇ ಒಳಗೆ ಹಾಕಿ ಆಮೇಲೆ ಪ್ರಿಂಟ್ ಮಾಡ್ಸಿದೀಯ

ಲೆಕ್ಕದ_ಮೇಷ್ಟ್ರು

ಗುಂಡಣ್ಣನವರು ಗಡ್ಡದ ವಿಷಯ ಬಿಟ್ಟು ಇನ್ನೆಲ್ಲ ಸರಿಯಾಗೇ ಮಾತಾಡ್ತಾರೆ.

ಧಾರವಾಡ_ಫೇಡೆ

ಅಲ್ರೀ, ಇಷ್ಟೆಲ್ಲಾ ಯಾಕ ಬೇಕು. ರೊಕ್ಕಾ ಇಟ್ಟು ಮಾತಾಡ್ರಿ, ಖರೇ ನಂಬಿಕಿ ಎಷ್ಟು ಅಂತ ತಾನ ಹೊರಗ ಬರ್ತದ. ಮೇಷ್ಟ್ರು ಮಲ್ಕೊಂಡಾರ ಅಂತ ಇಟ್ಕೊಳ್ರಿ. ಎಬ್ಬಿಸಿದಾಗೊಮ್ಮೆ ನಾ ಬಂದು ಕೇಳ್ತೀನಿ, "ಸರ, ನೂರು ರೂಪಾಯಿ ಪಂದ್ಯ, ಹೆಡ್ಸ್ ಇದ್ರ ನಾ ಕೊಡ್ತೀನಿ, ಟೇಲ್ಸ್ ಇದ್ರ ನೀವು ಕೊಡ್ರಿ." ಅರ್ಧ-ಅರ್ಧ ಅಂತ ನಂಬಿದವ್ರು ಈ ಪಂದ್ಯ ಬ್ಯಾಡ ಅನ್ನಂಗಿಲ್ಲ. ಹೆಡ್ಸ್ ಬಿದ್ರ ನೀವು ಒಮ್ಮೆ ನೂರು ಗೆಲ್ತೀರಿ. ಟೇಲ್ಸ್ ಬಿದ್ರ ಎರಡ ಸಲ ಎಚ್ಚರ, ಎರಡ ಸಲ ಪಂದ್ಯ, ಇನ್ನೂರು ಹೋತು. ಸರಾಸರಿ ಹಿಡದ್ರ ಒಂದೊಂದ ಆಟಕ್ಕ ಐವತ್ತ ರೂಪಾಯಿ ನಿಮ್ಮ ಕಿಸೇದಿಂದ ನನ್ನ ಕಿಸೇಕ್ಕ. ನಾಳಿಂದ ಶುರು ಮಾಡೂಣೇನ್ರೀ ಸರ?

ಲೆಕ್ಕದ_ಮೇಷ್ಟ್ರು

ಒಂದೇ ಸೋಲಿಗೆ ಎರಡು ಸಲ ದುಡ್ಡು ಕಿತ್ತುಕೊಂಡು, ನೋಡಿ ನಿಮ್ಮ ಪ್ರಾಬಬಿಲಿಟಿ ತಪ್ಪು ಅಂದ್ರೆ ಹೆಂಗೆ ಸ್ವಾಮಿ? ಕಂಡಕ್ಟರ್ ನಿದ್ದೆಯಲ್ಲಿರೋನಿಗೆ ಎರಡು ಸಲ ಟಿಕೆಟ್ ಹರಿದ್ರೆ ಊರು ಎರಡರಷ್ಟು ದೂರ ಆಗುತ್ತಾ? ನಿಮ್ಮ ಪಂದ್ಯದಲ್ಲಿ ಮೋಸ ಏನು ಅಂದ್ರೆ, ಎಷ್ಟು ಸಲ ಪಂದ್ಯ ಕಟ್ಟಬೇಕು ಅನ್ನೋದೇ ನಾಣ್ಯದ ಮೇಲೆ ನಿಂತಿದೆ. ಟೇಲ್ಸ್ ಬಿದ್ರೂ ಒಂದೇ ಪಂದ್ಯಕ್ಕೆ ದುಡ್ಡು ಅಂತ ರೂಲ್ ಹಾಕಿ, ನಾನು ಸಮ-ಸಮಕ್ಕೆ ಆಡ್ತೀನಿ, ನಿಮಗೂ ನಷ್ಟ ಇಲ್ಲ ನನಗೂ ಇಲ್ಲ. ಇಂಥ ಡಬಲ್ ಪಂದ್ಯ ಅಂತ ಗೊತ್ತಿದ್ರೆ ಅರ್ಧ ಅಂತ ನಂಬಿರೋನೂ ಎಚ್ಚರಿಕೆಯಿಂದ ಬೇಡ ಅಂತಾನೆ. ನಂಬಿಕೆ ಬೇರೆ, ಪಂದ್ಯ ಕಟ್ಟೋ ರೇಟ್ ಬೇರೆ.

ಧಾರವಾಡ_ಫೇಡೆ

ಅಂದ್ರ ಬಾಯಿಲೆ ಅರ್ಧ, ಕಿಸೇದಾಗ ಮೂರರಾಗ ಒಂದು. ಭೇಷ್.

ಮಲೆನಾಡ_ಜಿಗಣೆ

ವಿಷಯಕ್ಕೆ ಸಂಬಂಧ ಇಲ್ಲ, ಆದ್ರೂ ಕೇಳ್ತೀನಿ. ಅಂಚು ಒಡೆದ ಗಾಜಿನ ಲೋಟ ಅಂದ್ರಲ್ಲ, ಹೊಳೆ ಸದ್ದು ಕೇಳ್ತಿತ್ತಾ? ಕೇಳ್ತಿದ್ರೆ ಘಾಟಿ ಇಳಿದ ಮೇಲೆ, ಗುಂಡ್ಯದ ಕಡೆ. ಕೇಳದಿದ್ರೆ ಘಾಟಿಗಿಂತ ಮೊದಲು, ಹಾಸನದ ಕಡೆ. ಹಾಸನದ ಬಯಲಲ್ಲಿ ಗಾಳಿ ಬೇರೆ ಇರುತ್ತೆ, ಶಿರಾಡಿ ಇಳಿದ ಮೇಲೆ ಮೈಗೆ ಅಂಟುತ್ತೆ, ನಿದ್ದೆಗಣ್ಣಲ್ಲೂ ಗೊತ್ತಾಗುತ್ತೆ.

ಚಾ_ಕುಡುಕ

ಇಂಜಿನ್ ಆಫ್ ಮಾಡಿರ್ಲಿಲ್ಲ, ಅದರ ಸದ್ದು ಮಾತ್ರ. ಮಳೆ ಇತ್ತು.

ಮಲೆನಾಡ_ಜಿಗಣೆ

ಮಳೆ ಸಕಲೇಶಪುರದಿಂದ ಕೆಳಗೆ ಪೂರ್ತಿ ಇತ್ತು ಶುಕ್ರವಾರ. ಅಂದ್ರೆ ಎರಡನೇ ಚಾ ಕಡೆಗೆ ಸ್ವಲ್ಪ ವಾಲುತ್ತೆ.

ಕೋಡ್_ಕುಟ್ಟ

ನೋಡಿ, ಜಿಗಣೆಯವರು ಮಾಡ್ತಿರೋದು ಪಕ್ಕಾ ಬೇಯಸ್. ಸರಿ ನಾನು ಕೋಡ್ ಬಿಟ್ಟೆ, ಗುಂಡಣ್ಣ ಹೇಳಿದ್ದು ನ್ಯಾಯವಾಗಿದೆ. ಬೇರೆ ದಾರಿಯಲ್ಲಿ ಬರ್ತೀನಿ, ಇದಕ್ಕೆ ಮೇಷ್ಟ್ರು ಉತ್ತರ ಹೇಳ್ಲಿ. ಇದು ಆಡಮ್ ಎಲ್ಗಾ ಅನ್ನೋ ತತ್ವಶಾಸ್ತ್ರಜ್ಞ 2000ದಲ್ಲಿ ಬರೆದ ಲೇಖನದಲ್ಲಿರೋ ವಾದ, ನಾಲ್ಕೈದು ಪುಟದ ಲೇಖನ ಅಷ್ಟೇ, ಇಷ್ಟು ವರ್ಷದ ಜಗಳ ಎಲ್ಲ ಅದರಿಂದಲೇ ದೊಡ್ಡದಾಗಿದ್ದು.

ನಾಣ್ಯ ಯಾವಾಗ ಚಿಮ್ಮಿದ್ರೇನು? ಸೋಮವಾರ ಹೇಗಿದ್ರೂ ಎಬ್ಬಿಸಲೇಬೇಕು. ಹಾಗಾಗಿ ಸೋಮವಾರದ ಎಚ್ಚರ ಮುಗಿದು ರಾತ್ರಿ ಚಿಮ್ಮಿದ್ರೂ ಪ್ರಯೋಗ ಅದೇ. ಈಗ ಅವಳು ಎದ್ದಿದಾಳೆ, ಯಾರೋ ಬಂದು "ಇವತ್ತು ಸೋಮವಾರ ಕಣಮ್ಮ" ಅಂದ್ರು ಅನ್ಕೊಳ್ಳಿ. ಅಂದ್ರೆ ನಾಣ್ಯ ಇನ್ನೂ ಟೇಬಲ್ ಮೇಲಿದೆ, ರಾತ್ರಿ ಚಿಮ್ಮಬೇಕು. ಹೆಡ್ಸ್ ಚಾನ್ಸ್ ಅರ್ಧ ಅಲ್ದೆ ಇನ್ನೇನು? ಹಾಗಾದ್ರೆ ಸೋಮವಾರ-ಹೆಡ್ಸ್, ಸೋಮವಾರ-ಟೇಲ್ಸ್ ಎರಡೂ ಸಮ. ಇನ್ನು ಟೇಲ್ಸ್ ಅಂತ ಗೊತ್ತಾದ್ರೆ ಸೋಮವಾರವೋ ಮಂಗಳವಾರವೋ ಅಂತ ಹೇಳೋಕೆ ಯಾವ ಗುರುತೂ ಇಲ್ಲ, ಅದೂ ಸಮ. ಮೂರೂ ಸಮ, ಒಟ್ಟು ಒಂದು. ತಲಾ ಮೂರರಲ್ಲಿ ಒಂದು ಪಾಲು.

ಮೇಷ್ಟ್ರ ಲೆಕ್ಕದಲ್ಲಿ ಏನಾಗುತ್ತೆ ನೋಡಿ. ಹೆಡ್ಸ್ ಅರ್ಧ, ಟೇಲ್ಸ್-ಸೋಮವಾರ ಕಾಲು, ಟೇಲ್ಸ್-ಮಂಗಳವಾರ ಕಾಲು. ಸೋಮವಾರ ಅಂತ ಹೇಳಿದ ತಕ್ಷಣ ಮಂಗಳವಾರದ ಕಾಲು ಬಿದ್ದು ಹೋಗುತ್ತೆ, ಉಳಿದ ಮುಕ್ಕಾಲಲ್ಲಿ ಹೆಡ್ಸ್ ಅರ್ಧ, ಅಂದ್ರೆ ಮೂರರಲ್ಲಿ ಎರಡು ಪಾಲು! ಇನ್ನೂ ಚಿಮ್ಮದೇ ಇರೋ, ಮೋಸ ಇಲ್ಲದ ನಾಣ್ಯ, ಇವತ್ತು ರಾತ್ರಿ ಮೂರಕ್ಕೆ ಎರಡು ಸಲ ಹೆಡ್ಸ್ ಬೀಳುತ್ತೆ ಅಂತ ಮೇಷ್ಟ್ರು ಮುಖ ಗಂಭೀರ ಮಾಡ್ಕೊಂಡು ಹೇಳಬೇಕು.

ಗುಂಡಣ್ಣ_61

ಮೇಷ್ಟ್ರು ಆಫ್‌ಲೈನ್

ಲೆಕ್ಕದ_ಮೇಷ್ಟ್ರು

ಆಫ್‌ಲೈನ್ ಅಲ್ಲ, ಸಂಧ್ಯಾವಂದನೆಗೆ ಹೋಗಿದ್ದೆ.

ಕುಟ್ಟ, ಒಪ್ತೀನಿ, ಅರ್ಧದವರಿಗೆ ಅಲ್ಲೇ ಚುಚ್ಚೋದು. ಲೂಯಿಸ್ ಅವರು ಅದನ್ನ ನುಂಗಿಕೊಂಡೇ ಬರೆದ್ರು, ಹೌದು ಮೂರರಲ್ಲಿ ಎರಡು, ಏನೀಗ ಅಂತ. ಆ ತುತ್ತು ನನಗೆ ಗಂಟಲಲ್ಲೇ ನಿಲ್ಲುತ್ತೆ. ಆದ್ರೆ ನಿಮ್ಮ ತಟ್ಟೆಯಲ್ಲಿ ಏನಿದೆ ಅಂತಾನೂ ನೋಡ್ಕೊಳ್ಳಿ. ಟೇಲ್ಸ್ ಬಿದ್ರೆ ಎರಡು ಸಲ ಅಲ್ಲ, ಹತ್ತು ಲಕ್ಷ ಸಲ ಎಬ್ಬಿಸ್ತಾರೆ ಅನ್ನಿ. ಭಾನುವಾರ ರಾತ್ರಿ ನೀವು ಅರ್ಧ ಅಂತ ಹೇಳಿ ಮಲಗ್ತೀರಿ. ಕಣ್ಣು ಬಿಟ್ಟ ತಕ್ಷಣ, ಗೋಡೆ ಬಿಟ್ಟು ಇನ್ನೇನೂ ನೋಡದೆ, ಟೇಲ್ಸ್ ಬಿದ್ದಿರೋದು ಗ್ಯಾರಂಟಿ, ಹೆಡ್ಸ್ ಚಾನ್ಸ್ ಹತ್ತು ಲಕ್ಷದ ಒಂದರಲ್ಲಿ ಒಂದು ಅಂತೀರಿ. ಏಳ್ತೀನಿ ಅಂತ ಮೊದಲೇ ಗೊತ್ತಿದ್ದು ಎದ್ದಿದ್ದಕ್ಕೆ ಇಷ್ಟು ಜ್ಞಾನೋದಯ ಆಯ್ತಾ?

ನಡುರಾತ್ರಿ_ನರ್ಸ್

ಓದ್ತಾ ಇದ್ದೆ, ಸುಮ್ಮನೆ ಇರೋಕಾಗ್ಲಿಲ್ಲ. ಆ ಮರೆಸೋ ಮದ್ದು ಕಥೆಯಲ್ಲಿ ಮಾತ್ರ ಇರೋದು ಅಂತ ಅನ್ಕೊಂಡಿದೀರ ಎಲ್ಲರೂ. ನಮ್ಮ ಹತ್ರ ದಿನಾ ಇರುತ್ತೆ, ಮಿಡಾಜೊಲಾಮ್. ಎಂಡೋಸ್ಕೋಪಿಗೆ ಮುಂಚೆ ಕೊಡ್ತೀವಿ. ಜನ ಪೂರ್ತಿ ನಿದ್ದೆ ಹೋಗ್ಬೇಕು ಅಂತೇನಿಲ್ಲ, ಮಾತಾಡ್ತಾರೆ, ಹೇಳಿದ್ದು ಕೇಳ್ತಾರೆ, ಆದ್ರೆ ಆಮೇಲೆ ಆ ಹೊತ್ತಿಂದು ನೆನಪಿರಲ್ಲ.

ಹೋದ ವಾರ ಒಬ್ಬ ತಾತ. ಎಲ್ಲ ಮುಗಿಸಿ ಹೊರಗೆ ತಂದು ಮಲಗಿಸಿದೀವಿ. ಕಣ್ಣು ಬಿಟ್ರು, "ಯಾವಾಗ ಶುರು ಮಾಡ್ತೀಯ ತಾಯಿ?" "ಮುಗೀತು ತಾತ." "ಹೌದಾ! ಪರವಾಗಿಲ್ವೇ, ಏನೂ ಗೊತ್ತೇ ಆಗ್ಲಿಲ್ಲ" ಅಂತ ನನ್ನ ಕೈ ಹಿಡ್ಕೊಂಡು ಖುಷಿಪಟ್ರು. ಐದು ನಿಮಿಷ ಜೊಂಪು. ಮತ್ತೆ ಕಣ್ಣು, "ಯಾವಾಗ ಶುರು ಮಾಡ್ತೀಯ ತಾಯಿ?" ಅದೇ ಮಾತು, ಅದೇ ಥರ ಕೈ ಹಿಡಿಯೋದು, ಅದೇ ಖುಷಿ. ನಾಲ್ಕು ಸಲ ಆಯ್ತು. ಮಗಳು ಪಕ್ಕದಲ್ಲಿ ನಗೋದಾ ಅಳೋದಾ ಗೊತ್ತಾಗ್ದೆ ಕೂತಿದ್ರು.

ನನಗೆ ಮೇಷ್ಟ್ರ ಬೇಯಸ್ ಗೊತ್ತಿಲ್ಲ. ತಾತನ್ನ ಆಗ ಯಾರಾದ್ರೂ "ಇದು ಮೊದಲನೇ ಸಲ ಕೇಳ್ತಿರೋದಾ?" ಅಂದಿದ್ರೆ ಹೌದು ಅಂತಲೇ ಹೇಳೋರು, ನಾಲ್ಕು ಸಲವೂ. ಮೂರು ಸಲ ತಪ್ಪಾಗಿರೋದು. ಆದ್ರೆ ಪ್ರತಿ ಸಲ ಅವರ ಕಡೆಯಿಂದ ನೋಡಿದ್ರೆ ಹೌದು ಅನ್ನದೆ ಇನ್ನೇನು ಅಂತಾರೆ ಪಾಪ? ಎಣಿಸ್ತಾ ಇದ್ದವಳು ನಾನು, ಅವರಲ್ಲ.

ಚಾ_ಕುಡುಕ

ಅಯ್ಯೋ ದೇವರೇ. ನಾನು ಸಕ್ಕರೆಗೆ ಗಲಾಟೆ ಮಾಡಿದ್ದು ನೆನಪಾಗಿ ನಾಚಿಕೆ ಆಯ್ತು. ಅಂದ್ರೆ, ನೆನಪಾಗಿ ಅಲ್ಲ.

ಶೃಂಗೇರಿ_ಕಡೆಯವಳು

ನರ್ಸಮ್ಮ ಹೇಳಿದ್ದು ಕೇಳಿ ನನಗೆ ಗಾಂಪರ ಗುಂಪಿನ ಕಥೆ ನೆನಪಾಯ್ತು. ಅದೇ ಹತ್ತು ಜನ ಹೊಳೆ ದಾಟಿ, ಎಲ್ಲ ಬಂದ್ವಾ ಅಂತ ಎಣಿಸೋದು. ಒಬ್ಬೊಬ್ಬನೂ ತನ್ನನ್ನ ಬಿಟ್ಟು ಎಣಿಸಿ ಒಂಬತ್ತೇ ಅಂತಾನೆ, ಒಬ್ಬ ಹೊಳೆ ಪಾಲಾದ ಅಂತ ಹತ್ತೂ ಜನ ಗೋಳೋ ಅಂತ ಅಳೋದು. ನಾವೆಲ್ಲ ಅಜ್ಜಿ ಹತ್ರ ನಗೋಕೆ ಕೇಳಿದ ಕಥೆ. ಆದ್ರೆ ವೇದಾಂತದಲ್ಲಿ ಇದಕ್ಕೆ ದೊಡ್ಡ ಜಾಗ ಇದೆ, ವಿದ್ಯಾರಣ್ಯರ ಪಂಚದಶಿಯ ಏಳನೇ ಪ್ರಕರಣ ತೃಪ್ತಿದೀಪದಲ್ಲಿ ಇದನ್ನ ಹಂತ ಹಂತವಾಗಿ ಬಿಡಿಸಿದ್ದಾರೆ, ದಾರಿಹೋಕ ಬಂದು "ಹತ್ತನೆಯವನು ನೀನೇ" ಅನ್ನೋವರೆಗೂ, ಆಮೇಲೆ ಅಳು ನಿಂತು ಖುಷಿ ಆಗೋವರೆಗೂ.

ಇದಕ್ಕೂ ಸುಂದರಿಗೂ ಏನು ಸಂಬಂಧ ಅಂದ್ರೆ, ಆ ಎಣಿಸೋನಿಗೆ ಲೋಕದ ಸಂಗತಿ ಯಾವುದೂ ಗೊತ್ತಿಲ್ಲ ಅಂತಿಲ್ಲ. ಹೊರಟವರು ಹತ್ತು ಅಂತ ಗೊತ್ತು, ಯಾರ್ಯಾರು ಅಂತ ಗೊತ್ತು, ಕಣ್ಣೆದುರು ಒಂಬತ್ತು ಜನ ಕಾಣ್ತಾರೆ. ಗೊತ್ತಿಲ್ಲದ್ದು ಒಂದೇ, ಪಟ್ಟಿಯಲ್ಲಿ ತಾನು ಎಲ್ಲಿದ್ದೀನಿ ಅನ್ನೋದು. ಜಾನ್ ಪೆರಿ ಅನ್ನೋ ತತ್ವಶಾಸ್ತ್ರಜ್ಞರು 1979ರಲ್ಲಿ ಇಂಥದ್ದೇ ಬರೆದಿದ್ದಾರೆ. ಅಂಗಡಿಯಲ್ಲಿ ಯಾರದೋ ಗಾಡಿಯಿಂದ ಸಕ್ಕರೆ ಸುರೀತಾ ಹೋಗಿರೋದನ್ನ ಕಂಡು, ಪಾಪ ಹೇಳೋಣ ಅಂತ ಆ ಜಾಡು ಹಿಡಿದು ಸುತ್ತೋದು, ಸುತ್ತಿದಷ್ಟೂ ಜಾಡು ದಪ್ಪ ಆಗೋದು, ಕೊನೆಗೆ ಹರಿದ ಚೀಲ ಇರೋದು ತನ್ನ ಗಾಡಿಯಲ್ಲೇ. ಅವರದೇ ಇನ್ನೊಂದು ಉದಾಹರಣೆ, ನೆನಪು ಕಳಕೊಂಡವನೊಬ್ಬ ಸ್ಟ್ಯಾನ್‌ಫರ್ಡ್ ಲೈಬ್ರರಿಯಲ್ಲಿ ದಾರಿ ತಪ್ಪಿ ಕೂತಿದ್ದಾನೆ, ಆ ಲೈಬ್ರರಿಯ ಪೂರ್ತಿ ವಿವರ ಓದ್ತಾನೆ, ತನ್ನದೇ ಜೀವನಚರಿತ್ರೆನೂ ಓದ್ತಾನೆ, ಆದ್ರೂ "ನಾನು ಯಾರು, ಇದು ಎಲ್ಲಿ" ಗೊತ್ತಾಗಲ್ಲ. ನಕ್ಷೆ ಕೈಯಲ್ಲಿದೆ, "ನೀವು ಇಲ್ಲಿದ್ದೀರಿ" ಅನ್ನೋ ಚುಕ್ಕಿ ಇಲ್ಲ.

ಹಾಗಾಗಿ ಮೇಷ್ಟ್ರೇ, ಹೊಸದೇನು ಗೊತ್ತಾಯ್ತು ಅಂತ ಕೇಳಿದ್ರಲ್ಲ, ಅಲ್ಲೇ ಇರೋದು ಗಂಟು. ಭಾನುವಾರ ಅವಳಿಗೆ ಆ ಚುಕ್ಕಿ ಎಲ್ಲಿದೆ ಅಂತ ಗೊತ್ತಿತ್ತು. ಎದ್ದಾಗ ಅದು ಕಳೆದುಹೋಗಿದೆ. ಹೊಸದು ಗೊತ್ತಾಗಿದ್ದಕ್ಕೆ ಅಂದಾಜು ಬದಲಾಗಬೇಕು ಅನ್ನೋ ನಿಯಮ ಇದೆ, ಗೊತ್ತಿದ್ದದ್ದು ಕಳೆದುಹೋದ್ರೆ ಏನು ಮಾಡಬೇಕು ಅಂತ ನಿಮ್ಮ ಬೇಯಸ್ ಹೇಳಿದ್ದಾರಾ?

ಲೆಕ್ಕದ_ಮೇಷ್ಟ್ರು

ಅಮ್ಮಾ, ಇದು ಒಳ್ಳೆ ಏಟು. ರಾತ್ರಿ ಕೂತು ಯೋಚನೆ ಮಾಡ್ತೀನಿ.

ಹೈವೇ_ಹನುಮ

ನಿದ್ದೆ ಮಾಡೋರ್ದು ಆಯ್ತು, ಗಾಡಿ ಓಡ್ಸೋರ ಕಥೆ ಒಸಿ ಕೇಳ್ರಪ್ಪಾ. ಟ್ಯಾಕ್ಸಿ ಓಡ್ಸಿದೀನಿ ಹನ್ನೊಂದು ವರ್ಷ. ಸರ್ವೀಸ್ ರೋಡಿಗೆ ಇಳಿಯೋ ತಿರುವು ಇದೇನಾ ಮುಂದಿಂದಾ ಅಂತ ಗೊತ್ತಾಗ್ದೆ ಎಷ್ಟೋ ಸಲ ಆರೇಳು ಕಿಲೋಮೀಟ್ರು ಸುತ್ತಿದೀನಿ, ಹಿಂದೆ ಕೂತಿರೋರು ಮ್ಯಾಪ್ ಹಿಡ್ಕೊಂಡು ಬೈಯ್ಯೋದು ಬೇರೆ. ಇದಕ್ಕೂ ಒಂದು ಒಗಟು ಐತೆ ಅಂತ ನನ್ನ ಮಗ ತೋರಿಸ್ದ, 1997ರಲ್ಲಿ ಪಿಚ್ಚೋನೆ, ರೂಬಿನ್‌ಸ್ಟೈನ್ ಅಂತ ಇಬ್ಬರು ಬರೆದಿದ್ದು, ಮರೆಗುಳಿ ಡ್ರೈವರ್ ಅಂತ. ಓದಿ ನಂದೇ ಬಯೋಡೇಟ ಅನ್ನಿಸ್ತು.

ಒಬ್ಬ ರಾತ್ರಿ ಬಾರಲ್ಲಿ ಕುಂತು ಮನೆಗೆ ಹೋಗೋ ಪ್ಲಾನ್ ಹಾಕ್ತಾವ್ನೆ. ರೋಡಲ್ಲಿ ಎರಡು ತಿರುವು, ಎರಡೂ ಒಂದೇ ಥರ, ಮೊದಲನೇದು ದಾಟಿದ್ನಾ ಇಲ್ವಾ ಅಂತ ಅವನಿಗೆ ನೆನಪಿರಾಕಿಲ್ಲ. ಮೊದಲನೇ ತಿರುವಲ್ಲಿ ಹೋದ್ರೆ ಕೆಟ್ಟ ಏರಿಯಾ, ಸೊನ್ನೆ ಮಾರ್ಕ್ಸು. ಎರಡನೇದ್ರಲ್ಲಿ ಮನೆ, ನಾಲ್ಕು ಮಾರ್ಕ್ಸು. ಎರಡೂ ಬಿಟ್ಟು ನೆಟ್ಟಗೆ ಹೋದ್ರೆ ಲಾಡ್ಜಲ್ಲಿ ಮಲ್ಗೋದು, ಒಂದು ಮಾರ್ಕ್ಸು. ಬಾರಲ್ಲಿ ಕುಂತು ಯೋಚ್ನೆ ಮಾಡಿದ್ರೆ, ತಿರುಗ್ತೀನಿ ಅಂತ ಪ್ಲಾನ್ ಹಾಕಿದ್ರೆ ಮೊದಲನೇದ್ರಲ್ಲೇ ತಿರುಗ್ಬಿಡ್ತಾನೆ, ಸೊನ್ನೆ. ಅದಕ್ಕೇ ನೆಟ್ಟಗೆ ಹೋಗೋದು, ಲಾಡ್ಜು, ಒಂದು ಗ್ಯಾರಂಟಿ. ಸರಿ. ಆಮೇಲೆ ರೋಡಲ್ಲಿ ತಿರುವು ಕಾಣ್ತು. ಇದು ಎರಡನೇದು ಇರೋ ಚಾನ್ಸು ಅರ್ಧ ಅನ್ಕೊಂಡ್ರೆ, ತಿರುಗಿದ್ರೆ ಸೊನ್ನೆ ಇಲ್ಲಾ ನಾಲ್ಕು, ಸರಾಸರಿ ಎರಡು! ಲಾಡ್ಜಿನ ಒಂದಕ್ಕಿಂತ ಜಾಸ್ತಿ. ತಿರುಗೋದೇ ಲಾಭ. ಆದ್ರೆ ಹಂಗೆ ಯೋಚ್ನೆ ಮಾಡೋನು ಮೊದಲನೇ ತಿರುವಲ್ಲೂ ಹಂಗೇ ಯೋಚ್ನೆ ಮಾಡಿರ್ತಾನಲ್ಲ, ಸೀದಾ ಕೆಟ್ಟ ಏರಿಯಾದಲ್ಲಿ ಇರ್ತಾನೆ. ಹೊಸ ಸುದ್ದಿ ಏನೂ ಬಂದಿಲ್ಲ, ನಾಣ್ಯನೂ ಚಿಮ್ಮಿಲ್ಲ, ಆದ್ರೂ ಬಾರಲ್ಲಿ ಒಂದು ಬುದ್ಧಿ ರೋಡಲ್ಲಿ ಒಂದು ಬುದ್ಧಿ.

ಕೋಡ್_ಕುಟ್ಟ

ಹನುಮಣ್ಣ ಸೂಪರ್. ಇದಕ್ಕೆ ದಾಳ ಒಂದು ಜೇಬಲ್ಲಿ ಇಟ್ಕೊಂಡ್ರೆ ಸ್ವಲ್ಪ ವಾಸಿ. ತಿರುವು ಕಂಡಾಗೆಲ್ಲ ದಾಳ ಹಾಕೋದು, ಒಂದು ಅಥವಾ ಎರಡು ಬಿದ್ರೆ ತಿರುಗೋದು, ಉಳಿದಿದ್ದು ಬಿದ್ರೆ ನೆಟ್ಟಗೆ. ಮನೆ ಸೇರೋ ಚಾನ್ಸ್ ಒಂಬತ್ತರಲ್ಲಿ ಎರಡು, ಲಾಡ್ಜ್ ಒಂಬತ್ತರಲ್ಲಿ ನಾಲ್ಕು. ಸರಾಸರಿ ಮೂರರಲ್ಲಿ ನಾಲ್ಕು, ಅಂದ್ರೆ 1.33. ಬಾರಲ್ಲಿ ಕೂತು ಹಾಕಬಹುದಾದ ಪ್ಲಾನ್‌ಗಳಲ್ಲಿ ಇದೇ ಬೆಸ್ಟ್.

ಹೈವೇ_ಹನುಮ

ಸ್ಟೇರಿಂಗ್ ಹಿಡ್ಕೊಂಡು ದಾಳ ಹಾಕಿದ್ರೆ ಪೊಲೀಸ್ನೋರು ಬಿಡ್ತಾರಾ ಕುಟ್ಟಪ್ಪ

ಮಲೆನಾಡ_ಜಿಗಣೆ

ಬಾರಿಂದ ಹೊರಟೋನು ಗಾಡಿ ಓಡಿಸ್ತಾ ಇದ್ದಾನಲ್ಲ, ಅದು ಬಿಟ್ಟು ದಾಳಕ್ಕೆ ಹಿಡೀತಾರಾ

ಫ್ರೀಮಾಂಟ್_ಫಣಿ

ಇಲ್ಲಿ ರಾತ್ರಿ ಒಂದು ಗಂಟೆ, ನಿನ್ನೆ ತಾನೆ ಊರಿಂದ ವಾಪಸ್ ಬಂದು ಜೆಟ್‌ಲ್ಯಾಗಲ್ಲಿ ಎದ್ದು ಕೂತಿದೀನಿ, ಕಣ್ಣು ಬಿಟ್ಟಾಗ ಅರ್ಧ ನಿಮಿಷ ಮೈಸೂರೇ ಅನ್ಕೊಂಡಿದ್ದೆ, ಅಮ್ಮನ ಮಿಕ್ಸಿ ಸದ್ದು ಕೇಳಿಸಲಿಲ್ಲ ಅಂತ ಅನುಮಾನ ಬಂತು. ಹಾಗಾಗಿ ಈ ಥ್ರೆಡ್ ನನಗೇ ಬರೆದ ಹಾಗಿದೆ.

ಮೇಷ್ಟ್ರು ಹತ್ತು ಲಕ್ಷ ಸಲ ಎಬ್ಬಿಸೋ ಮಾತು ಎತ್ತಿದ್ರಲ್ಲ, ಅದನ್ನ ನಿಕ್ ಬೋಸ್ಟ್ರಮ್ ಅನ್ನೋ ತತ್ವಶಾಸ್ತ್ರಜ್ಞರು 2002ರ ಪುಸ್ತಕದಲ್ಲಿ ವಿಶ್ವಕ್ಕೇ ಹಚ್ಚಿದ್ದಾರೆ. ವಿಜ್ಞಾನಿಗಳ ಹತ್ರ ಎರಡು ಸಿದ್ಧಾಂತ ಇದೆ, ಎರಡಕ್ಕೂ ಸಾಕ್ಷಿ ಸಮ, ಆದ್ರೆ ಒಂದರ ಪ್ರಕಾರ ವಿಶ್ವದಲ್ಲಿ ಲಕ್ಷ ಕೋಟಿ ಪಟ್ಟು ಜಾಸ್ತಿ ಜೀವಿಗಳು. ಪ್ರಯೋಗ ಮಾಡಿ ನೋಡೋಣ ಅಂತ ಹೊರಟಾಗ ಒಬ್ಬ ತತ್ವಜ್ಞಾನಿ ಬಂದು, ಯಾಕ್ರೀ ದುಡ್ಡು ದಂಡ, ನಾನು ಇದೀನಲ್ಲ, ಜಾಸ್ತಿ ಜನ ಇರೋ ಸಿದ್ಧಾಂತವೇ ಸರಿ ಅಂತಾನೆ. ಮೂರರಲ್ಲಿ ಒಂದು ಅನ್ನೋರು ಅದೇ ಜಾಡಲ್ಲಿ ಹೋದ್ರೆ ಈ ಮನುಷ್ಯನ ಪಕ್ಕ ಹೋಗಿ ನಿಲ್ಲಬೇಕು.

ಅರ್ಧದ ಕಡೆಯೋರು ನಗಬೇಡಿ, ನಿಮಗೂ ಇದೆ. ರಿಚರ್ಡ್ ಗಾಟ್ ಅನ್ನೋ ಭೌತವಿಜ್ಞಾನಿ 1969ರಲ್ಲಿ ಬರ್ಲಿನ್ ಗೋಡೆ ನೋಡೋಕೆ ಹೋಗಿದ್ರು. ಗೋಡೆಗೆ ಆಗ 8 ವರ್ಷ. ಗೋಡೆಯ ಆಯುಸ್ಸಲ್ಲಿ ನಾನು ಬಂದಿರೋ ಕ್ಷಣಕ್ಕೆ ವಿಶೇಷ ಏನೂ ಇಲ್ಲ, ನಡುವಿನ ಅರ್ಧ ಭಾಗದಲ್ಲಿ ಎಲ್ಲೋ ಇರೋ ಚಾನ್ಸ್ ಅರ್ಧ, ಹಾಗಾದ್ರೆ ಇನ್ನು 2 ವರ್ಷ 8 ತಿಂಗಳಿಂದ 24 ವರ್ಷದೊಳಗೆ ಇದರ ಕಥೆ ಮುಗಿಯೋ ಚಾನ್ಸ್ ಅರ್ಧ ಅಂತ ಲೆಕ್ಕ ಹಾಕಿದ್ರು. 20 ವರ್ಷಕ್ಕೆ, 1989ರಲ್ಲಿ ಬಿತ್ತು. ಅದನ್ನೇ ಮನುಷ್ಯ ಕುಲಕ್ಕೆ ಹಚ್ಚಿ. ಇಲ್ಲಿವರೆಗೆ ಹುಟ್ಟಿರೋರು ಸುಮಾರು 11,700 ಕೋಟಿ ಅಂತ ಒಂದು ಅಂದಾಜು. ಹುಟ್ಟಿದೋರು, ಇನ್ನು ಹುಟ್ಟೋರು ಎಲ್ಲರನ್ನೂ ಸಾಲಾಗಿ ಬರೆದ ಪಟ್ಟಿಯಲ್ಲಿ ನೀವು ಮೊದಲ ಶೇ. 5ರಲ್ಲಿ ಇಲ್ಲ ಅಂತ ಇಟ್ಕೊಂಡ್ರೆ, ಒಟ್ಟು ಹುಟ್ಟೋರೇ 2.34 ಲಕ್ಷ ಕೋಟಿ ದಾಟಲ್ಲ, ಅಂದ್ರೆ ಅಂಗಡಿ ಬಾಗಿಲು ಹಾಕೋದು ನಾವು ಅನ್ಕೊಂಡಿದ್ದಕ್ಕಿಂತ ಬೇಗ. ಮೂರರಲ್ಲಿ ಒಂದು ಅನ್ನೋರ ತರ್ಕ ಹಿಡಿದ್ರೆ ಈ ಪ್ರಳಯದ ವಾದ ಹೊಡೆದುಹೋಗುತ್ತೆ, ಆದ್ರೆ ಆ ಅಹಂಕಾರಿ ತತ್ವಜ್ಞಾನಿ ಸಿಗ್ತಾನೆ. ಅರ್ಧ ಹಿಡಿದ್ರೆ ಅವನಿಂದ ಬಚಾವ್, ಪ್ರಳಯ ಕುತ್ತಿಗೆಗೆ. ಅತ್ತ ದರಿ ಇತ್ತ ಪುಲಿ.

ಧಾರವಾಡ_ಫೇಡೆ

ಒಂದ ಚಹಾದಿಂದ ಪ್ರಳಯದ ತನಕಾ ಬಂದ್ರಲ್ರೀಪಾ. ಗೋಡೆ ಲೆಕ್ಕಾ ನಮ್ಮ ಓಣಿ ರಸ್ತೆ ಕಾಮಗಾರಿಗೆ ಹಚ್ಚಿ ನೋಡ್ದೆ. ಎರಡ ವರ್ಷಾತು ಅಗದು. ಅಂದ್ರ ಇನ್ನ ಎಂಟ ತಿಂಗಳಿಂದ ಆರ ವರ್ಷ.

ಕೋಡ್_ಕುಟ್ಟ

ಫೇಡೆಯವ್ರೇ ಅದು ಅರ್ಧ ಚಾನ್ಸ್ ಮಾತ್ರ, ಆರು ವರ್ಷ ದಾಟೋ ಚಾನ್ಸ್ ಇನ್ನೂ ಕಾಲು ಭಾಗ ಇದೆ

ಧಾರವಾಡ_ಫೇಡೆ

ನಮ್ಮ ಓಣಿ ಆ ಕಾಲಿನ್ಯಾಗ ಐತಿ.

ಗುಂಡಣ್ಣ_61

ಬಸ್ ಸ್ಟಾಪಲ್ಲಿ ದಿನಾ ಇದೇ ಅಲ್ವಾ. ಬಸ್ಸು ಸರಾಸರಿ ಹತ್ತು ನಿಮಿಷಕ್ಕೊಂದು, ಆದ್ರೆ ಬರೋದು ಒಂದ್ಸಲ 5 ನಿಮಿಷಕ್ಕೆ ಒಂದ್ಸಲ 15ಕ್ಕೆ. ಹೊತ್ತು ಗೊತ್ತಿಲ್ದೆ ಹೋಗಿ ನಿಂತ್ರೆ ಮುಕ್ಕಾಲು ಪಾಲು ಸಲ ಆ 15ರ ಸಂದಿಯಲ್ಲೇ ನಿಂತಿರ್ತೀವಿ, ಯಾಕಂದ್ರೆ ಗಂಟೆಯಲ್ಲಿ ಮುಕ್ಕಾಲು ಭಾಗ ಅದೇ. ಐದು ನಿಮಿಷ ಕಾಯೋ ಜಾಗದಲ್ಲಿ ಸರಾಸರಿ ಆರೂಕಾಲು. ಉದ್ದ ಇರೋದ್ರೊಳಗೆ "ಈಗ"ಗಳು ಜಾಸ್ತಿ, ಅದಕ್ಕೇ ಅಲ್ಲೇ ಸಿಕ್ಕಾಕೊಳ್ಳೋದು. ಟೇಲ್ಸಲ್ಲೂ ಅಷ್ಟೇ, "ಈಗ" ಎರಡು ಇದೆ. ಈ ಲೆಕ್ಕದಲ್ಲಿ ನಾನು ಕುಟ್ಟನ ಕಡೆಗೇ ವಾಲ್ತಿದೀನಿ, ನಿನ್ನೆ ಬೈದಿದ್ದು ವಾಪಸ್.

ಲೆಕ್ಕದ_ಮೇಷ್ಟ್ರು

ಗುಂಡಣ್ಣ, ಬಸ್ ಸ್ಟಾಪಿಗೆ ನೀವು ಯಾವ ಹೊತ್ತಿಗೆ ಹೋಗ್ತೀರಿ ಅನ್ನೋದು ನಿಜವಾಗ್ಲೂ ಆಕಸ್ಮಿಕ, 5ರ ಸಂದಿಗೂ ಬೀಳಬಹುದಿತ್ತು. ಸುಂದರಿಯನ್ನ ಯಾರೂ ಮೂರು ಎಚ್ಚರದಲ್ಲಿ ಒಂದಕ್ಕೆ ಎತ್ತಿ ಹಾಕ್ತಿಲ್ಲ, ಟೇಲ್ಸ್ ಬಿದ್ರೆ ಅವಳು ಎರಡರಲ್ಲೂ ಇರ್ತಾಳೆ. ಅಲ್ಲಿ ಚೀಟಿ ಎತ್ತಿದವರು ಯಾರು?

ರಾತ್ರಿ ಶೃಂಗೇರಿಯವರ ಮಾತು ಯೋಚನೆ ಮಾಡಿದೆ. ಚುಕ್ಕಿ ಕಳೆದುಹೋದಾಗ ಬೇಯಸ್ ನಿಯಮ ಏನೂ ಹೇಳಲ್ಲ ಅನ್ನೋದು ನಿಜ. "ಹೊಸ ಸಾಕ್ಷಿ ಇಲ್ಲ, ಆದ್ದರಿಂದ ಅರ್ಧ" ಅಂತ ನಿನ್ನೆ ಟೇಬಲ್ ಕುಟ್ಟಿ ಹೇಳಿದ್ನಲ್ಲ, ಅದು ಅಷ್ಟು ಸಲೀಸಲ್ಲ, ವಾಪಸ್ ತಗೋತೀನಿ. ಅರ್ಧ ಅನ್ನೋದನ್ನ ವಾಪಸ್ ತಗೊಂಡಿಲ್ಲ. ಕಾರಣ ಹುಡುಕ್ತಾ ಇದೀನಿ.

ನಡುರಾತ್ರಿ_ನರ್ಸ್

ಮೇಷ್ಟ್ರೇ ನಿದ್ದೆ ಮಾಡಿ ಮೊದಲು

ಶೃಂಗೇರಿ_ಕಡೆಯವಳು

ನಾಲ್ಕು ಸಲ ಎದ್ದು "ಅರ್ಧ" ಅಂದ್ರೆ ಗಾಬರಿ ಆಗ್ಬೇಡಿ ನರ್ಸಮ್ಮ

ಚಾ_ಕುಡುಕ

ಅಪ್ಡೇಟ್. ಈ ಥ್ರೆಡ್ ಪೂರ್ತಿ ಭಾವನಿಗೆ ಓದಿ ಹೇಳಿದೆ. ಅವರ ಪ್ಲಾನ್ ಏನು ಗೊತ್ತುಂಟಾ, ಮುಂದಿನ ವಾರ ನಾನು ಬಸ್ಸಲ್ಲಿ ಎದ್ದಾಗೆಲ್ಲ ಅವರಿಗೆ ಫೋನ್ ಮಾಡಿ ಇದು ಎಷ್ಟನೇ ಚಾ ಅಂತ ಅಂದಾಜು ಹೇಳಬೇಕಂತೆ, ಅವರು ಪುಸ್ತಕದಲ್ಲಿ ಬರೆದಿಡ್ತಾರಂತೆ. ಅಕ್ಕ ಒಳಗಿಂದಲೇ ಹೇಳಿದ್ಲು, ರಾತ್ರಿ ಎರಡು ಗಂಟೆಗೆ ಈ ಮನೆಯಲ್ಲಿ ಫೋನ್ ಹೊಡೆದ್ರೆ ಇಬ್ಬರನ್ನೂ ಪುನಃ ಏಳದ ಹಾಗೆ ಮಲಗಿಸ್ತೇನೆ ಅಂತ. ಆ ಪ್ರಯೋಗ ಕ್ಯಾನ್ಸಲ್.

ಇನ್ನೊಂದು, ಜಿಗಣೆಯವರ ಮಾತಿಂದ ತಲೆಗೆ ಹುಳ ಹೊಕ್ಕಿತು. ಫ್ರೆಂಡಿಗೆ ಪುನಃ ಫೋನ್ ಮಾಡಿ ಕೇಳಿದೆ, ಗಾಜಿನ ಲೋಟದಲ್ಲಿ ಕುಡಿದದ್ದು ಮೊದಲನೇ ಕಡೆಯಾ ಎರಡನೇ ಕಡೆಯಾ ಅಂತ. ಅವ ಹೇಳ್ತಾನೆ, ಎರಡು ಕಡೆಯೂ ಪೇಪರ್ ಕಪ್ ಅಂತೆ.

ಮಲೆನಾಡ_ಜಿಗಣೆ

ಹಾಂ?

ಗುಂಡಣ್ಣ_61

ಮೇಷ್ಟ್ರೇ, ಮೂರನೇ ಉತ್ತರ ಬಂತು. ಸೊನ್ನೆ

ಹೈವೇ_ಹನುಮ

ಹಂಗಾದ್ರೆ ಆ ಒಡೆದ ಲೋಟ ಯಾವೂರ್ದಪ್ಪಾ?

ಚಾ_ಕುಡುಕ

ಅದೇ ಈಗ ತಲೆ ತಿಂತಾ ಉಂಟು.